ಲೈಕು ಬಂತು, ಆರ್ಡರು ಬರಲಿಲ್ಲ

ಸಣ್ಣ ವ್ಯಾಪಾರಕ್ಕೆ ಸಾಮಾಜಿಕ ಜಾಲತಾಣಗಳನ್ನು ಬಳಸಿಕೊಳ್ಳುವ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯವೇ ಆಗಿದ್ದುದರಿಂದ ಈ ಬಾರಿಯ ಅಂಕಣವನ್ನು ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ ಮತ್ತು ಬಾಳಕದ ಮೆಣಸು ಮಾಡಿ ಮಾರುತ್ತೇನೆ. ಮಗಳ ಒತ್ತಾಯಕ್ಕೆ ಕಳೆದ ಮಳೆಗಾಲದಲ್ಲಿ ಇನ್‌ಸ್ಟಾಗ್ರಾಮ್ ಪುಟ ತೆರೆದೆ. ಅಂಗಳದಲ್ಲಿ ಮಳೆ ಸುರಿಯುವ ಒಂದು ರೀಲನ್ನು 40,000 ಜನ ನೋಡಿದರು. ಫಾಲೋವರ್‌ಗಳ ಸಂಖ್ಯೆ 2,000ದ ಹತ್ತಿರ ಬಂತು. ಆದರೆ ನಾಲ್ಕು ತಿಂಗಳಲ್ಲಿ ಬಂದ ಆರ್ಡರುಗಳು 11. ಅವುಗಳಲ್ಲಿ ಆರು ನೆಂಟರಿಷ್ಟರವು. ನಾನು ತಪ್ಪಿದ್ದು ಎಲ್ಲಿ? — ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ನೀವು ಕಳುಹಿಸಿದ ಕೊಂಡಿಯ ಮೂಲಕ ನಿಮ್ಮ ಪುಟವನ್ನು ನೋಡಿದೆ. ಮಳೆಯ ರೀಲು ನಿಜಕ್ಕೂ ಚೆನ್ನಾಗಿದೆ. ಹಂಚಿನ ಅಂಚಿನಿಂದ ನೀರು ಸಾಲಾಗಿ ಇಳಿಯುತ್ತದೆ, ಹಿಂದೆ ಅಡಿಕೆ ತೋಟ ಮಸುಕಾಗಿ ಕಾಣುತ್ತದೆ, ಜಗಲಿಯ ಮೇಲೆ ಬೆಕ್ಕೊಂದು ಮುದುಡಿ ಮಲಗಿದೆ. ಉಪ್ಪಿನಕಾಯಿಯ ಭರಣಿ ಮಾತ್ರ ಎಲ್ಲಿಯೂ ಇಲ್ಲ. 40,000 ಜನ ನೋಡಿದ್ದು ಮಳೆಯನ್ನು, ಅದನ್ನು ಕೊರಿಯರ್‌ನಲ್ಲಿ ಕಳುಹಿಸಲು ಬರುವುದಿಲ್ಲ.

ನಿಮ್ಮ ಖಾತೆಯನ್ನು ಇನ್‌ಸ್ಟಾಗ್ರಾಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೊಫೆಷನಲ್ ಖಾತೆಯಾಗಿ ಬದಲಾಯಿಸಿಕೊಳ್ಳಿ. ಅದಕ್ಕೆ ಹಣ ಕೊಡಬೇಕಿಲ್ಲ. ಆಗ 'ಇನ್‌ಸೈಟ್ಸ್' ಎಂಬ ಭಾಗದಲ್ಲಿ ನಿಮ್ಮನ್ನು ಹಿಂಬಾಲಿಸುವವರು ಯಾವ ಯಾವ ಊರಿನವರು, ಯಾವ ವಯಸ್ಸಿನವರು ಎಂಬುದು ತಿಳಿಯುತ್ತದೆ. ಅಲ್ಲಿ ದೂರದ ರಾಜ್ಯಗಳ ನಗರಗಳೇ ಮೇಲಿದ್ದರೆ, ಮಲೆನಾಡಿನ ಮಳೆ ಚೆಂದ ಎಂದು ಮೆಚ್ಚಿ ಮುಂದಕ್ಕೆ ಹೋದವರು ಅವರು ಎಂದು ತಿಳಿಯಿರಿ. ನಿಮಗೆ ಬೇಕಾದವರು ಬೇರೆ. ಹೊಸನಗರದಲ್ಲೋ ಸೊರಬದಲ್ಲೋ ಹುಟ್ಟಿ ಬೆಳೆದು, ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ, ಮೊಸರನ್ನಕ್ಕೆ ಮಿಡಿ ಇಲ್ಲದೆ ಊಟ ಮುಗಿಸಿದರೆ ಏನೋ ಕಳೆದುಕೊಂಡಂತೆ ಅನಿಸುವ ಜನ ಅವರು. ಅಪ್ಪೆಮಿಡಿ ಎಂದರೇನೆಂದು ಅವರಿಗೆ ವಿವರಿಸಬೇಕಾಗಿಲ್ಲ. ಯಾರು ಹಾಕಿದ ಉಪ್ಪಿನಕಾಯಿ, ಯಾವ ವರ್ಷದ ಮಿಡಿ, ಅರ್ಧ ಕಿಲೋಗೆ ಎಷ್ಟು, ಯಾವಾಗ ಕೈ ಸೇರುತ್ತದೆ, ಇಷ್ಟನ್ನೇ ಅವರು ಹುಡುಕುತ್ತಾರೆ. ನಿಮ್ಮ ಪುಟದಲ್ಲಿ ಇಲ್ಲದಿರುವುದೂ ಇಷ್ಟೇ.

ಆದ್ದರಿಂದ ಮುಂದಿನ ಹಂಗಾಮಿನಲ್ಲಿ ಕ್ಯಾಮೆರಾವನ್ನು ಅಂಗಳದಿಂದ ಅಡುಗೆಮನೆಗೆ ತನ್ನಿ. ಮಿಡಿಯನ್ನು ಉದುರಿಸದೆ ತೊಟ್ಟು ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸುವುದನ್ನು ತೋರಿಸಿ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ ಎಂಬುದು ನಿಮಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲದಿರಬಹುದು. ತೊಟ್ಟು ಮುರಿದಾಗ ಸೊನೆ ಚಿಮ್ಮುವುದನ್ನು ಹತ್ತಿರದಿಂದ ಹಿಡಿಯಿರಿ. ಪರಿಮಳ ಫೋನಿನಲ್ಲಿ ಬರದಿದ್ದರೂ ಆ ಪರಿಮಳ ಬಲ್ಲವರಿಗೆ ಆ ಒಂದು ಕ್ಷಣ ಸಾಕು. ಮಿಡಿ ಒಂದು ಪದರ, ಹರಳುಪ್ಪು ಒಂದು ಪದರ ಹಾಕಿದ ಮೇಲೆ ಮಿಡಿ ತಾನೇ ನೀರು ಬಿಟ್ಟು, ಸುಕ್ಕುಗಟ್ಟಿ, ಬಣ್ಣ ಬದಲಿಸುವುದನ್ನು ಮೊದಲ ದಿನ, ಎಂಟನೆಯ ದಿನ, ತಿಂಗಳ ನಂತರ ಎಂದು ಒಂದೇ ಜಾಗದಿಂದ ತೆಗೆದು ಜೋಡಿಸಿದರೆ ಮೂವತ್ತು ಸೆಕೆಂಡಿನ ಒಳ್ಳೆಯ ರೀಲು ಆಗುತ್ತದೆ. ಅನಂತಭಟ್ಟನ ಅಪ್ಪೆಯೋ ಜೀರಿಗೆ ಮಿಡಿಯೋ ಎಂಬುದನ್ನು ಹೆಸರು ಹಿಡಿದು ಹೇಳಿ. ತಳಿಯ ಹೆಸರು ಕೇಳಿದೊಡನೆ ಕಿವಿ ನಿಮಿರುವ ಗಿರಾಕಿಯೇ ನಿಮ್ಮ ಖಾಯಂ ಗಿರಾಕಿ. ಕೆಳಗಿನ ಬರಹವನ್ನು ಕನ್ನಡದಲ್ಲೇ ಬರೆಯಿರಿ, ಮೊದಲ ಎರಡು ಸಾಲಿನಲ್ಲೇ ತೂಕ, ಬೆಲೆ, ಕೊರಿಯರ್ ವೆಚ್ಚ ಮತ್ತು ವಾಟ್ಸಾಪ್ ಸಂಖ್ಯೆ ಇರಲಿ. 'ಬೆಲೆಗಾಗಿ ಮೆಸೇಜ್ ಮಾಡಿ' ಎಂದು ಬರೆಯುವ ಅಭ್ಯಾಸವನ್ನು ಯಾರು ಶುರು ಮಾಡಿದರೋ ತಿಳಿಯದು. ಹಾಗೆ ಬರೆದ ಪುಟದಿಂದ ನಾನಂತೂ ಏನನ್ನೂ ಕೊಂಡಿಲ್ಲ. ಸಾಗರ ಪೇಟೆಯಲ್ಲಿ ಬೆಲೆ ಹೇಳದ ಅಂಗಡಿಯವನ ಮುಂದೆ ಎಷ್ಟು ಹೊತ್ತು ನಿಲ್ಲುತ್ತೀರಿ?

ಇನ್‌ಸ್ಟಾಗ್ರಾಮ್ ನಿಮ್ಮನ್ನು ಪರಿಚಯಿಸುವ ಜಾಗ, ವ್ಯಾಪಾರ ಕುದುರುವುದು ವಾಟ್ಸಾಪ್‌ನಲ್ಲಿ. ವಾಟ್ಸಾಪ್ ಬಿಸಿನೆಸ್ ಎಂಬ ಪ್ರತ್ಯೇಕ ಆ್ಯಪ್ ಉಚಿತವಾಗಿ ಸಿಗುತ್ತದೆ. ಮನೆಯ ಸಂಖ್ಯೆಗೆ ಹಾಕಿಕೊಳ್ಳದೆ ವ್ಯಾಪಾರಕ್ಕೆಂದೇ ಬೇರೆ ಸಂಖ್ಯೆ ಇಟ್ಟುಕೊಳ್ಳಿ. ಲ್ಯಾಂಡ್‌ಲೈನ್ ಇದ್ದರೆ ಅದರ ಸಂಖ್ಯೆಯನ್ನೂ ನೋಂದಾಯಿಸಬಹುದು, ದೃಢೀಕರಣ ಸಂಕೇತವನ್ನು ಕರೆ ಮಾಡಿ ಹೇಳುತ್ತಾರೆ. ಆ ಆ್ಯಪ್‌ನ 'ಕ್ಯಾಟಲಾಗ್' ಎಂಬ ಭಾಗದಲ್ಲಿ ಪ್ರತಿ ವಸ್ತುವಿನ ಚಿತ್ರ, ಬೆಲೆ, ವಿವರ ಹಾಕಿಟ್ಟರೆ, ಕೇಳಿದವರಿಗೆಲ್ಲ ಹತ್ತು ಫೋಟೋ ಕಳುಹಿಸುವ ಶ್ರಮ ತಪ್ಪುತ್ತದೆ. ದಿನಕ್ಕೆ ಇಪ್ಪತ್ತು ಸಲ ಬೆರಳಚ್ಚು ಮಾಡುವ ಉತ್ತರಗಳನ್ನು 'ಕ್ವಿಕ್ ರಿಪ್ಲೈ'ನಲ್ಲಿ ಉಳಿಸಿಕೊಳ್ಳಬಹುದು. ಹಣ ಬಂದಿದೆ, ಪಾರ್ಸೆಲ್ ಹೋಗಿದೆ, ಬಾಕಿ ಇದೆ ಎಂದು ಗಿರಾಕಿಗಳಿಗೆ ಬಣ್ಣದ ಲೇಬಲ್ ಹಚ್ಚಬಹುದು.

ಒಂದು ವಿಷಯವನ್ನು ಹೆಚ್ಚಿನವರು ತಿಳಿದಿರುವುದಿಲ್ಲ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಿ ಒಂದೇ ಸಂದೇಶವನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಕಳುಹಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಹಾಗಾಗಿ ಪ್ರತಿ ಪಾರ್ಸೆಲ್‌ನ ಒಳಗೆ ಒಂದು ಚೀಟಿ ಇಡಿ: 'ಮುಂದಿನ ಮಿಡಿ ಹಂಗಾಮಿನ ಸುದ್ದಿ ಬೇಕಿದ್ದರೆ ಈ ಸಂಖ್ಯೆಯನ್ನು ಸೇವ್ ಮಾಡಿಕೊಳ್ಳಿ.' ಗ್ರೂಪ್ ಮಾಡಬೇಡಿ. ಗ್ರೂಪ್‌ನಲ್ಲಿ ಒಬ್ಬ ಗಿರಾಕಿಯ ಸಂಖ್ಯೆ ಅಪರಿಚಿತರಾದ ಉಳಿದವರಿಗೆಲ್ಲ ಕಾಣುತ್ತದೆ, ಮೂರನೆಯ ದಿನಕ್ಕೆ ಯಾರೋ ಶುಭೋದಯದ ಹೂವು ಹಾಕುತ್ತಾರೆ, ನಾಲ್ಕನೆಯ ದಿನ ಒಳ್ಳೆಯ ಗಿರಾಕಿ ಹೊರಗೆ ಹೋಗಿರುತ್ತಾರೆ.

ಪ್ಯಾಕಿಂಗ್ ವಿಷಯದಲ್ಲಿ ನನ್ನದೇ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಪುಟದಿಂದ ನಾನೂ ಮಿಡಿ ತರಿಸಿದ್ದೆ. ಕೊರಿಯರ್ ಹುಡುಗ ಡಬ್ಬವನ್ನು ಎರಡೇ ಬೆರಳಿನಲ್ಲಿ ಹಿಡಿದು, ದೇಹದಿಂದ ದೂರವಿಟ್ಟುಕೊಂಡು ತಂದ. ಗಾಜಿನ ಬಾಟಲಿಯ ಮುಚ್ಚಳ ಸಡಿಲವಾಗಿ ಉಪ್ಪುನೀರೆಲ್ಲ ರಟ್ಟಿಗೆ ಇಳಿದು, ಸುತ್ತಿದ್ದ ಪತ್ರಿಕೆಯ ಅಕ್ಷರಗಳು ಬಾಟಲಿಯ ಮೇಲೆ ಅಚ್ಚಾಗಿದ್ದವು. ಮಿಡಿಯ ರುಚಿ ಅಪರೂಪದ್ದೇ ಆಗಿತ್ತು, ಆದರೂ ಮತ್ತೆ ತರಿಸಲಿಲ್ಲ. ಮುಚ್ಚಳದ ಒಳಗೆ ಸೀಲ್ ಹಾಳೆ, ಅದರ ಮೇಲೆ ಟೇಪು, ಬಾಟಲಿಗೆ ಪ್ಲಾಸ್ಟಿಕ್ ಚೀಲ, ಆಮೇಲೆ ಗುಳ್ಳೆ ಹಾಳೆ, ಇಷ್ಟನ್ನು ಮಾಡುವುದನ್ನೇ ಒಂದು ರೀಲು ಮಾಡಿ ಹಾಕಿ. ಮಳೆಯ ರೀಲಿಗೆ ಬಂದ ನೋಟದ ಹತ್ತರಲ್ಲೊಂದು ಪಾಲು ಅದಕ್ಕೆ ಬಂದರೂ ಆರ್ಡರು ಹೆಚ್ಚು ಬರುತ್ತದೆ ಎಂಬುದು ನನ್ನ ಎಣಿಕೆ.

ಆಹಾರ ಪದಾರ್ಥ ಮಾರುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕಿಗಳ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಬೇಕು; ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ನಿಮ್ಮ ವಿಳಾಸ ಕೂಡ ಇರಬೇಕು. ಲೇಬಲ್ಲಿನ ಒಂದು ಸ್ಪಷ್ಟ ಚಿತ್ರವನ್ನು ಪುಟದಲ್ಲಿಯೂ ಹಾಕಿದರೆ ಅಪರಿಚಿತರಿಗೆ ಧೈರ್ಯ ಬರುತ್ತದೆ. ವಹಿವಾಟು ಚಿಕ್ಕದಾಗಿದ್ದರೂ ತೆರಿಗೆಗೆ ಒಳಪಡುವ ಸರಕನ್ನು ಹೊರ ರಾಜ್ಯಕ್ಕೆ ಮಾರುವಾಗ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಏಳುತ್ತದೆ. ಚೆನ್ನೈ, ಪುಣೆಯ ಆರ್ಡರು ಒಪ್ಪಿಕೊಳ್ಳುವ ಮೊದಲು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಇದೆ ನಿಜ, ಆದರೆ ಆ ಮುದ್ರೆಯನ್ನು ನಿಮ್ಮ ಬಾಟಲಿಯ ಮೇಲೆ ಹಾಕಲು ನೀವು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು.

ಕೊನೆಯದಾಗಿ, ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹೊಸ ಗಿರಾಕಿಯ ಹೆಸರಿನ ಮುಂದೆ 'ನಮ್ಮ ವಿಷಯ ಹೇಗೆ ತಿಳಿಯಿತು' ಎಂಬುದಕ್ಕೆ ಬಂದ ಉತ್ತರವನ್ನು ಬರೆದಿಡಿ. ನಿಮ್ಮ 11 ಆರ್ಡರುಗಳಲ್ಲಿ ನೆಂಟರನ್ನು ಬಿಟ್ಟ ಐದು ಜನ ಹೇಗೆ ಬಂದರು? ನನ್ನ ಊಹೆ, ಆ ಆರು ನೆಂಟರ ಊಟದೆಲೆಯ ಮೂಲಕವೇ ಬಂದಿದ್ದಾರೆ. ಹಾಗಿದ್ದರೆ ನಿಮ್ಮ ಮೊದಲ ಬ್ರಾಡ್‌ಕಾಸ್ಟ್ ಪಟ್ಟಿ ಈಗಾಗಲೇ ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ನಮ್ಮದು ಜೇನುತುಪ್ಪ ಮತ್ತು ಕಷಾಯ ಪುಡಿಯ ವ್ಯಾಪಾರ. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಬೊಜ್ಜು ಕರಗುತ್ತದೆ ಎಂದು ಪೋಸ್ಟ್ ಹಾಕಿದಾಗ ವಿಚಾರಣೆಗಳು ಹೆಚ್ಚುತ್ತವೆ. ಇದು ಸರಿಯೇ? — ಓದುಗರು, ಹೊಸನಗರ

ಉತ್ತರ: ಸರಿಯಲ್ಲ, ಕಾನೂನಿನ ಪ್ರಕಾರ ಅಪರಾಧವೂ ಹೌದು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯು ಕೆಲವು ಕಾಯಿಲೆಗಳನ್ನು ಹೆಸರಿಸಿ, ಅವುಗಳನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನೇ ನಿಷೇಧಿಸಿದೆ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ, ಬೊಜ್ಜೂ ಇದೆ. ವಾಟ್ಸಾಪ್ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾಯವಾಗುತ್ತದೆ ಎಂದು ಧೈರ್ಯ ಮಾಡಬೇಡಿ, ನೋಡಿದವರು ಚಿತ್ರ ತೆಗೆದು ಇಟ್ಟುಕೊಂಡಿರುತ್ತಾರೆ. ನಿಮ್ಮ ಮಾತು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಆಗುವ ಅನಾಹುತವನ್ನೂ ಯೋಚಿಸಿ. ಬದಲಿಗೆ ಯಾವ ತಿಂಗಳು ಕಿತ್ತ ಜೇನು, ತುಡುವೆಯದೋ ಹೆಜ್ಜೇನಿನದೋ, ಪೆಟ್ಟಿಗೆಯದೋ ಕಾಡಿನದೋ, ಕಷಾಯ ಪುಡಿಗೆ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಯಾವ ಪ್ರಮಾಣದಲ್ಲಿ ಹಾಕಿದ್ದೀರಿ ಎಂಬುದನ್ನು ಹೇಳಿ. ವಿಚಾರಣೆ ಕಡಿಮೆಯಾಗಬಹುದು, ಬಂದವರು ಜೇನಿಗಾಗಿ ಬಂದವರಾಗಿರುತ್ತಾರೆ.

ಪ್ರಶ್ನೆ: ತೀರ್ಥಹಳ್ಳಿ–ಆಗುಂಬೆ ರಸ್ತೆಯ ಒಳಭಾಗದಲ್ಲಿ ನಮ್ಮ ಹೋಮ್‌ಸ್ಟೇ ಇದೆ. ಜುಲೈ ತಿಂಗಳಲ್ಲಿ ಬಂದಿದ್ದ ಒಂದು ಕುಟುಂಬ 'ನೆಟ್‌ವರ್ಕ್ ಇಲ್ಲ, ಉಂಬಳ (ಜಿಗಣೆ) ಹತ್ತುತ್ತದೆ, ಕೊನೆಯ ರಸ್ತೆ ಕೆಸರು' ಎಂದು ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟು ಹೋಗಿದೆ. ಇದನ್ನು ಅಳಿಸಿಹಾಕುವುದು ಹೇಗೆ? ಪರಿಚಯದವರಿಂದ ಹತ್ತಿಪ್ಪತ್ತು ಐದು ಸ್ಟಾರ್ ಹಾಕಿಸಬಹುದೇ? — ಹೋಮ್‌ಸ್ಟೇ ಮಾಲೀಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಳಿಸಲು ನಿಮಗೆ ಅಧಿಕಾರವಿಲ್ಲ. ಬೈಗುಳ, ಸುಳ್ಳು ಗುರುತು, ಜಾಹೀರಾತು ಇಂಥವು ಇದ್ದರೆ ಗೂಗಲ್‌ಗೆ ವರದಿ ಮಾಡಬಹುದು, ಅದನ್ನು ತೆಗೆಯುವುದೂ ಬಿಡುವುದೂ ಅವರ ತೀರ್ಮಾನ. ಆದರೆ ಈ ಕುಟುಂಬ ಬರೆದದ್ದರಲ್ಲಿ ಸುಳ್ಳು ಯಾವುದು? ಆಷಾಢದಲ್ಲಿ ಆಗುಂಬೆಯ ಕಡೆ ಉಂಬಳ ಹತ್ತದಿದ್ದರೆ ಅದನ್ನೇ ಸುದ್ದಿ ಎನ್ನಬೇಕು. ತಪ್ಪು ಎಂದರೆ, ಇದನ್ನು ಅವರಿಗೆ ಮೊದಲು ಹೇಳಬೇಕಾದವರು ನೀವಾಗಿದ್ದಿರಿ. ನಿಮ್ಮ ಪುಟದ ಚಿತ್ರಗಳೆಲ್ಲ ಡಿಸೆಂಬರ್‌ನಲ್ಲಿ ತೆಗೆದವು: ಒಣಗಿದ ಅಂಗಳ, ನೀಲಿ ಆಕಾಶ, ಬಿಸಿಲಿಗೆ ಹರಡಿದ ಅಡಿಕೆ. ಆ ಚಿತ್ರ ನೋಡಿ ಜುಲೈಗೆ ಬಂದವರಿಗೆ ಮೋಸಹೋದಂತೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಆ ವಿಮರ್ಶೆಯ ಕೆಳಗೆ ಸಮಾಧಾನದಿಂದ ಉತ್ತರ ಬರೆಯಿರಿ. 'ತಾವು ಬಂದಾಗ ತೊಂದರೆಯಾದುದಕ್ಕೆ ವಿಷಾದವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಂಬಳ ಇರುತ್ತದೆ. ಈಗ ಅತಿಥಿಗಳಿಗೆ ಮೊಣಕಾಲುದ್ದದ ಕಾಲುಚೀಲ, ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಇಟ್ಟಿದ್ದೇವೆ. ಕೊನೆಯ ರಸ್ತೆಗೆ ನಮ್ಮ ಜೀಪು ಬಂದು ಕರೆದುಕೊಂಡು ಬರುತ್ತದೆ' ಎಂಬಷ್ಟು ಸಾಕು. ಬರೆದದ್ದನ್ನೆಲ್ಲ ಮಾಡಿರಬೇಕು, ಅದನ್ನು ಬೇರೆ ಹೇಳಬೇಕಾಗಿಲ್ಲ. ಈ ಉತ್ತರವನ್ನು ಆ ಕುಟುಂಬ ಓದದೆ ಇರಬಹುದು. ಮುಂದಿನ ವಾರ ಕೋಣೆ ಹುಡುಕುವವರು ಓದುತ್ತಾರೆ. ಅವರಲ್ಲಿ ನೆಟ್‌ವರ್ಕ್ ಇಲ್ಲದ ಜಾಗವನ್ನೇ ಹುಡುಕುತ್ತಿರುವವರೂ ಇರುತ್ತಾರೆ.

ಪರಿಚಯದವರಿಂದ ಸ್ಟಾರ್ ಹಾಕಿಸುವ ಯೋಚನೆ ಬಿಡಿ. ರಿಯಾಯಿತಿ ಕೊಟ್ಟು ವಿಮರ್ಶೆ ಪಡೆಯುವುದಕ್ಕೂ ಗೂಗಲ್‌ನ ನಿಯಮಗಳು ಅವಕಾಶ ಕೊಡುವುದಿಲ್ಲ, ಒಂದೇ ವಾರದಲ್ಲಿ ಒಂದೇ ಊರಿನ ಇಪ್ಪತ್ತು ಜನ 'ಸೂಪರ್' ಎಂದು ಬರೆದರೆ ಓದುವವರಿಗೂ ತಿಳಿಯುತ್ತದೆ. ಹೊರಡುವ ಬೆಳಿಗ್ಗೆ, ಕಡುಬು ತಿಂದು ಕೈ ತೊಳೆದವರನ್ನು ಬಾಯಿಬಿಟ್ಟು ಕೇಳಿ. ಮಲೆನಾಡಿನವರಿಗೆ ಕೇಳುವ ಸಂಕೋಚ ಹೆಚ್ಚು, ಅದು ಗೊತ್ತು.

ಗೂಗಲ್ ಬಿಸಿನೆಸ್ ಪ್ರೊಫೈಲ್ ನಿಮ್ಮ ಹೆಸರಿನಲ್ಲೇ ದೃಢೀಕರಣಗೊಂಡಿದೆಯೇ ಎಂದು ನೋಡಿಕೊಳ್ಳಿ. ಹೋಮ್‌ಸ್ಟೇಗೆ ಇನ್‌ಸ್ಟಾಗ್ರಾಮ್‌ಗಿಂತ ಇದು ಮುಖ್ಯ ಎಂಬುದು ನನ್ನ ಅಭಿಪ್ರಾಯ. ನಕ್ಷೆಯ ಗುರುತು ನಿಮ್ಮ ಗೇಟಿನ ಮೇಲೆಯೇ ಇರಬೇಕು. ಅರ್ಧ ಕಿಲೋಮೀಟರ್ ಆಚೆ ಇದ್ದರೆ, ನೆಟ್‌ವರ್ಕ್ ಇಲ್ಲದ ಕಡೆ, ಮಳೆಯ ರಾತ್ರಿ, ಅತಿಥಿಗಳ ಕಾರು ಪಕ್ಕದ ತೋಟದ ದರೆಯ ಕೆಳಗೆ ನಿಂತಿರುತ್ತದೆ. ಎಲ್ಲಿಂದ ನೆಟ್‌ವರ್ಕ್ ಹೋಗುತ್ತದೆ ಎಂಬುದನ್ನು ಹೇಳಿ, ಅದಕ್ಕೂ ಮೊದಲು ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಲು ತಿಳಿಸಿ. ಮಾಹಿತಿಯನ್ನು ಆಗಾಗ ತಿದ್ದುತ್ತಲೂ ಇರಬೇಕು. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ. ಸಿಗಂದೂರಿನ ಆಸುಪಾಸಿನ ವಸತಿಗೃಹವೊಂದು ಇನ್ನೂ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಹೊರಡುವ ವೇಳೆಯನ್ನೇ ಪುಟದಲ್ಲಿ ಇಟ್ಟುಕೊಂಡಿದ್ದರೆ, ಅಲ್ಲಿಯ ಬಾಡಿಗೆ ದರವನ್ನು ಯಾರು ನಂಬುತ್ತಾರೆ? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದ್ದರೆ ಅದನ್ನೂ ನಮೂದಿಸಿ. ಆಗಿರದಿದ್ದರೆ ಪ್ರಚಾರಕ್ಕಿಂತ ಮೊದಲು ಆ ಕೆಲಸ ಆಗಲಿ.

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ಬ್ಲೌಸ್ ಹೊಲಿಗೆ, ಆರಿ ವರ್ಕ್ ಮತ್ತು ಸೀರೆ ಕುಚ್ಚು ಹಾಕುವ ಅಂಗಡಿ ಇಟ್ಟಿದ್ದೇನೆ. ಒಬ್ಬರು ಹಣ ಕೊಟ್ಟರೆ ವಾರದಲ್ಲಿ 10,000 ಫಾಲೋವರ್ ಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಪೋಸ್ಟ್ 'ಬೂಸ್ಟ್' ಮಾಡಿ, ಅಂದರೆ ಜಾಲತಾಣಕ್ಕೇ ಹಣ ಕೊಟ್ಟು ಹೆಚ್ಚು ಜನರಿಗೆ ತೋರಿಸಿ ಎನ್ನುತ್ತಾರೆ. ಮೂರನೆಯವರು ರೀಲು ಮಾಡುವ ಹುಡುಗಿ, ತನಗೆ ಒಂದು ಬ್ಲೌಸ್ ಪುಕ್ಕಟೆ ಹೊಲಿದುಕೊಟ್ಟರೆ ಪ್ರಚಾರ ಮಾಡುತ್ತೇನೆ ಎನ್ನುತ್ತಿದ್ದಾಳೆ. ಯಾವುದನ್ನು ಮಾಡಲಿ? — ಟೈಲರ್, ಶಿವಮೊಗ್ಗ

ಉತ್ತರ: ಮೊದಲನೆಯವರನ್ನು ಬಾಗಿಲಲ್ಲೇ ಕಳುಹಿಸಿ. ಹಣಕ್ಕೆ ಸಿಗುವ ಫಾಲೋವರ್‌ಗಳು ಬಹುಪಾಲು ಖಾಲಿ ಖಾತೆಗಳು. ಅವರು ಬ್ಲೌಸ್ ಹೊಲಿಸುವುದಿಲ್ಲ. ನಿಮ್ಮ ಪೋಸ್ಟ್‌ಗಳಿಗೆ ಅವರು ಸ್ಪಂದಿಸದ ಕಾರಣ ನಿಜವಾದ ಗಿರಾಕಿಗಳಿಗೆ ಪೋಸ್ಟ್ ತಲುಪುವುದೂ ಕಡಿಮೆಯಾಗುತ್ತದೆ.

ಬೂಸ್ಟ್ ಮಾಡಬಹುದು, ಲೆಕ್ಕ ಇಟ್ಟುಕೊಂಡು. ಅಳತೆ ಕೊಡಲು ಗಿರಾಕಿ ಅಂಗಡಿಗೆ ಬರಲೇಬೇಕಾದ್ದರಿಂದ ನಿಮ್ಮ ಜಾಹೀರಾತು ಬೆಂಗಳೂರಿನವರಿಗೆ ಕಾಣಿಸಿ ಪ್ರಯೋಜನವಿಲ್ಲ. ಸ್ಥಳ ಆರಿಸುವಾಗ ಶಿವಮೊಗ್ಗದ ಸುತ್ತ 25 ಕಿಲೋಮೀಟರ್ ಎಂದು ಕೊಟ್ಟರೆ ಭದ್ರಾವತಿಯೂ ಒಳಗೆ ಬರುತ್ತದೆ. ಉದ್ದೇಶ ಕೇಳಿದಾಗ 'ಮೆಸೇಜ್' ಎಂಬುದನ್ನು ಆರಿಸಿ. ಉದಾಹರಣೆಗೆ 1,500 ರೂಪಾಯಿ ಖರ್ಚು ಮಾಡಿದರೆ ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 1,770 ಆಗುತ್ತದೆ. ಇಪ್ಪತ್ತು ಜನ ವಿಚಾರಿಸಿ ನಾಲ್ವರು ಅಂಗಡಿಗೆ ಬಂದರೆ ಒಬ್ಬ ಗಿರಾಕಿಯನ್ನು ಕರೆತರಲು ನಿಮಗೆ ಸುಮಾರು 440 ರೂಪಾಯಿ ಬಿದ್ದಂತಾಯಿತು. ಆರಿ ವರ್ಕ್‌ನ ಮದುವೆ ಬ್ಲೌಸಿಗೆ ಅದು ಗಿಟ್ಟುತ್ತದೆ. ಲೈನಿಂಗ್ ಹಾಕಿದ ಸಾದಾ ಬ್ಲೌಸಿಗೆ ಗಿಟ್ಟುವುದಿಲ್ಲ. ಹಾಗಾಗಿ ಜಾಹೀರಾತಿನಲ್ಲಿ ಆರಿ ವರ್ಕ್ ಮಾತ್ರ ಇರಲಿ, ಅದೂ ಮದುವೆ ಹಂಗಾಮಿಗೆ ಒಂದೂವರೆ ತಿಂಗಳು ಮೊದಲು, ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಮೊದಲು ಹಾಕಿ. ಹಬ್ಬದ ಹಿಂದಿನ ವಾರ ಹಾಕಿದರೆ ಬಂದವರಿಗೆಲ್ಲ ಆಗುವುದಿಲ್ಲ ಎಂದು ಹೇಳಿ ಕಳುಹಿಸಬೇಕಾಗುತ್ತದೆ. ಜಾಹೀರಾತಿಗೆ ಹಣ ಕೊಟ್ಟು ಹೆಸರು ಕೆಡಿಸಿಕೊಳ್ಳುವ ದಾರಿ ಅದು.

ಆ ಹುಡುಗಿಯ ವಿಷಯ. ಅವಳ ರೀಲುಗಳ ಕೆಳಗೆ ಮಾತನಾಡುವವರು ಶಿವಮೊಗ್ಗದವರೇ ಎಂದು ನೋಡಿ. ಹೌದಾದರೆ ಒಂದು ಬ್ಲೌಸ್ ದೊಡ್ಡ ಬೆಲೆಯಲ್ಲ. ಆದರೆ ಪುಕ್ಕಟೆ ಪಡೆದದ್ದನ್ನು ಅವಳು ಸ್ಪಷ್ಟವಾಗಿ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಮತ್ತು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಹಣ ಮಾತ್ರವಲ್ಲ, ಉಚಿತ ವಸ್ತು ಪಡೆದಿದ್ದರೂ ತಿಳಿಸುವುದು ಕಡ್ಡಾಯ. ಜನಪ್ರಿಯ ಸಿನಿಮಾ ಹಾಡು ಹಾಕಿ ರೀಲು ಮಾಡುವಾಗಲೂ ಎಚ್ಚರವಿರಲಿ: ಬಿಸಿನೆಸ್ ಖಾತೆಗಳಿಗೆ ಹಾಡುಗಳ ಸಂಗ್ರಹ ಪೂರ್ತಿಯಾಗಿ ಸಿಗುವುದಿಲ್ಲ, ವಾಣಿಜ್ಯ ಬಳಕೆಯ ಹಕ್ಕು ಬೇರೆಯೇ. ಹೊಲಿಗೆ ಯಂತ್ರದ ಸದ್ದು, ಚೌಕಟ್ಟಿಗೆ ಬಿಗಿದ ಬಟ್ಟೆಯಲ್ಲಿ ಸೂಜಿ ಇಳಿಯುವ ಟಪಟಪ ಸದ್ದು ಹಾಡಿಗಿಂತ ಚೆನ್ನಾಗಿ ಕೇಳುತ್ತದೆ. ಮದುಮಗಳ ಚಿತ್ರ ಹಾಕುವ ಮೊದಲು ಅವಳನ್ನು ಕೇಳಿ. ಅವಳ ಅಮ್ಮನನ್ನು ಕೇಳಿದರೆ ಸಾಲದು.

ಪ್ರಶ್ನೆ: ನಮ್ಮ ಅಜ್ಜಿಯಿಂದ ಕಲಿತ ಹಸೆ ಚಿತ್ತಾರವನ್ನು ಬಟ್ಟೆಯ ಚೀಲ, ಫಲಕ, ತಟ್ಟೆಗಳ ಮೇಲೆ ಬರೆದು ಫೇಸ್‌ಬುಕ್‌ನಲ್ಲಿ ಹಾಕುತ್ತೇನೆ. ನನ್ನದೇ ಚಿತ್ರವನ್ನು ಯಾರೋ ಎತ್ತಿಕೊಂಡು ಯಂತ್ರದಲ್ಲಿ ಮುದ್ರಿಸಿ ಅರ್ಧ ಬೆಲೆಗೆ ಮಾರುತ್ತಿದ್ದಾರೆ. ಇನ್ನು ಚಿತ್ರ ಹಾಕುವುದನ್ನೇ ನಿಲ್ಲಿಸಲೇ? — ಕಲಾವಿದೆ, ಸೊರಬ ತಾಲ್ಲೂಕು

ಉತ್ತರ: ನಿಲ್ಲಿಸಬೇಡಿ. ಚಿತ್ತಾರದ ಪಾರಂಪರಿಕ ವಿನ್ಯಾಸಗಳು ದೀವರ ಸಮುದಾಯದ ತಲೆಮಾರುಗಳ ಸ್ವತ್ತು, ಅವುಗಳ ಮೇಲೆ ಒಬ್ಬರು ಹಕ್ಕು ಹೇಳಲಾಗದು. ಆದರೆ ನೀವು ಸ್ವತಃ ರಚಿಸಿದ ಚಿತ್ರ ಮತ್ತು ನೀವು ತೆಗೆದ ಫೋಟೋ ನಿಮ್ಮವು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಆ ಹಕ್ಕಿಗೆ ನೋಂದಣಿ ಕಡ್ಡಾಯವಲ್ಲ. ಮೂಲ ಫೋಟೋವನ್ನು ದಿನಾಂಕ ಸಮೇತ ಉಳಿಸಿಕೊಂಡು, ಫೇಸ್‌ಬುಕ್‌ನ ಕೃತಿಸ್ವಾಮ್ಯ ದೂರಿನ ಅರ್ಜಿ ತುಂಬಿ. ಅಂಥ ಪೋಸ್ಟ್‌ಗಳನ್ನು ತೆಗೆಸಲು ಸಾಧ್ಯವಿದೆ.

ಚಿತ್ರದ ಮೇಲೆ ಅಡ್ಡಲಾಗಿ ಹೆಸರು ಮುದ್ರಿಸುವುದರಿಂದ ಕಳ್ಳರಿಗಿಂತ ಹೆಚ್ಚು ತೊಂದರೆ ನೋಡುವವರಿಗೆ. ಯಂತ್ರಕ್ಕೆ ಆಗದ್ದನ್ನು ತೋರಿಸಿ. ಕೆಮ್ಮಣ್ಣು ಬಳಿದ ನೆಲೆ, ಅಕ್ಕಿಯನ್ನು ಅರೆದ ಬಿಳಿ, ಅಕ್ಕಿಯನ್ನೇ ಸುಟ್ಟು ಮಾಡಿದ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿ ನಾರನ್ನು ಜಜ್ಜಿ ಮಾಡಿದ ಕುಂಚ, ಆ ಕುಂಚ ಒಂದೇ ಉಸಿರಿಗೆ ಎಳೆಯುವ ಗೆರೆ. ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೆ ನಿಮ್ಮ ಅಜ್ಜಿ ಚಿತ್ತಾರ ಬರೆಯುವುದನ್ನು ಎರಡು ನಿಮಿಷ ಚಿತ್ರೀಕರಿಸಿ, ಯಾವ ಗೆರೆಗೆ ಯಾವ ಹೆಸರು ಎಂದು ಅವರ ಬಾಯಲ್ಲೇ ಹೇಳಿಸಿ. ಆ ವಿಡಿಯೋ ನೋಡಿದವರಿಗೆ ಅಚ್ಚು ಹಾಕಿದ ಚೀಲ ಯಾವುದು, ಬರೆದ ಚೀಲ ಯಾವುದು ಎಂದು ಬೇರೆ ಹೇಳಬೇಕಾಗುವುದಿಲ್ಲ. ಬೆಲೆಯ ಪಕ್ಕದಲ್ಲಿ ಆ ಚೀಲಕ್ಕೆ ಹಿಡಿದ ಗಂಟೆಗಳನ್ನೂ ಬರೆಯಿರಿ. ಅರ್ಧ ಬೆಲೆಗೆ ಸಿಗುವುದನ್ನೇ ಕೊಳ್ಳುವವರು ಹೇಗೂ ನಿಮ್ಮ ಗಿರಾಕಿಗಳಲ್ಲ.

ಪ್ರಶ್ನೆ: ಸೇನೆಯಲ್ಲಿದ್ದೇನೆ ಎಂದು ಹೇಳಿಕೊಂಡವನೊಬ್ಬ ಫೇಸ್‌ಬುಕ್ ನೋಡಿ ದೊಡ್ಡ ಆರ್ಡರು ಕೊಟ್ಟ. ಮುಂಗಡ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದ. 8,000 ರೂಪಾಯಿ ಹೋಯಿತು. ಏನು ಮಾಡಲಿ? — ಬೇಕರಿ ತಿನಿಸು ಮಾರುವವರು, ಭದ್ರಾವತಿ

ಉತ್ತರ: ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ಬೇಗ ತಿಳಿಸಿದಷ್ಟೂ ಹಣ ಮುಂದಕ್ಕೆ ಸಾಗದಂತೆ ತಡೆಯುವ ಸಾಧ್ಯತೆ ಹೆಚ್ಚು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಕೊಡಲು ಮಾತ್ರ ಬೇಕು. ಈ ಒಂದು ವಾಕ್ಯವನ್ನು ಕೌಂಟರಿನ ಗೋಡೆಗೆ ಅಂಟಿಸಿ, ಅಂಗಡಿಯ ಹುಡುಗರೂ ಓದಲಿ. ನಿಮ್ಮ ಖಾತೆಗಳಿಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. 'ಕೃತಿಸ್ವಾಮ್ಯ ಉಲ್ಲಂಘನೆ, 24 ಗಂಟೆಯಲ್ಲಿ ಖಾತೆ ರದ್ದು' ಎಂದು ಕೊಂಡಿಯೊಂದಿಗೆ ಬರುವ ಸಂದೇಶಗಳೂ ಇದೇ ಜಾತಿಯವು, ಒತ್ತಬೇಡಿ.

ಪ್ರಶ್ನೆ: ದಿನವೂ ಒಂದು ಪೋಸ್ಟ್ ಹಾಕಲೇಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಗುಡ್ಡದ ಮೇಲಿನ ನೇರಳೆ ಮರದ ಹತ್ತಿರ ಹೋದರೆ ಎರಡು ಕಡ್ಡಿ ಬರುತ್ತದೆ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ನಮ್ಮಂಥವರು ಏನು ಮಾಡಬೇಕು? — ಕಾಳುಮೆಣಸು ಬೆಳೆಗಾರರು, ಹೊಸನಗರ ತಾಲ್ಲೂಕು

ಉತ್ತರ: ದಿನವೂ ಹಾಕಬೇಕಾಗಿಲ್ಲ. ವಾರಕ್ಕೆ ಎರಡು ಸಾಕು, ಹೇಳಲು ಏನೂ ಇಲ್ಲದ ವಾರ ಒಂದೂ ಬೇಡ. ಕೊಯ್ಲು, ಕಾಳು ಬಿಡಿಸುವುದು, ಒಣಗಿಸುವುದು ಇವುಗಳನ್ನೆಲ್ಲ ಆಯಾ ದಿನವೇ ಫೋನಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳಿ, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಸಂತೆಗೋ ಸೊಸೈಟಿಗೋ ಪೇಟೆಗೆ ಹೋದ ದಿನ ಮೆಟಾ ಬಿಸಿನೆಸ್ ಸೂಟ್ ಎಂಬ ಉಚಿತ ಆ್ಯಪ್‌ನಲ್ಲಿ ಎರಡು ವಾರಕ್ಕೆ ಆಗುವಷ್ಟನ್ನು ಒಟ್ಟಿಗೆ ಏರಿಸಿ, ಯಾವ ದಿನ ಯಾವ ಹೊತ್ತಿಗೆ ಪ್ರಕಟವಾಗಬೇಕು ಎಂದು ಗೊತ್ತುಪಡಿಸಿ. ನೀವು ತೋಟದಲ್ಲಿದ್ದರೂ ಅದು ತಾನಾಗಿ ಪ್ರಕಟವಾಗುತ್ತದೆ. ವಾಟ್ಸಾಪ್ ಬಿಸಿನೆಸ್‌ನ ಪ್ರೊಫೈಲ್ ವಿವರಣೆಯಲ್ಲಿ 'ನಮ್ಮಲ್ಲಿ ನೆಟ್‌ವರ್ಕ್ ಇಲ್ಲ, ಸಂಜೆ ಐದರಿಂದ ಆರರವರೆಗೆ ಗುಡ್ಡದ ಮೇಲೆ ಸಿಗುತ್ತೇವೆ' ಎಂದು ಬರೆದಿಡಿ. ಆ ನೇರಳೆ ಮರದ ಒಂದು ಚಿತ್ರವನ್ನೂ ಪುಟಕ್ಕೆ ಹಾಕಿ, ಉತ್ತರ ಏಕೆ ತಡವಾಗುತ್ತದೆ ಎಂದು ಕೇಳುವವರಿಗೆ ಅದನ್ನೇ ಕಳುಹಿಸಬಹುದು.